ಟೆಕ್ ಪಾರ್ಕಿನ ಹಿತ್ತಲಲ್ಲಿ ಬೆರಕೆ ಸೊಪ್ಪು

ಡಿಪ್ಲೊಮಾ ಮುಗಿಸಿ ಟೆಕ್ ಪಾರ್ಕುಗಳ ತೋಟದ ಕೆಲಸಕ್ಕೆ ಸೇರುವ ಮಕ್ಕಳು ಆಗಾಗ ನಮ್ಮ ಮನೆಗೆ ಬರುತ್ತಾರೆ. "ಮೇಡಂ, ಕೆಲಸ ಹೇಗಿರುತ್ತೆ?" ಅಂತ ಕೇಳುತ್ತಾರೆ. ಗುಲಾಬಿ, ಆರ್ಕಿಡ್ಡು, ಕಾರಂಜಿ ಅಂತ ಕಣ್ಣಲ್ಲಿ ತುಂಬಿಕೊಂಡು ಬಂದವರ ಮುಂದೆ ನಿಜ ಹೇಳುವುದಕ್ಕೆ ನನಗೆ ನಾಲಿಗೆ ಏಳುವುದಿಲ್ಲ. ಕಾಫಿ ಕೊಟ್ಟು, ಒಳ್ಳೆಯದಾಗಲಿ ಅಂತ ಕಳಿಸುತ್ತೇನೆ. ಹೀಗೆ ಎಷ್ಟು ಜನಕ್ಕೆ ಕಾಫಿ ಕೊಡಲಿ? ಅದಕ್ಕೇ ಬರೆದುಬಿಡುತ್ತಿದ್ದೇನೆ. ಕೆಲಸ ಅಂದರೆ ಹುಲ್ಲು. ಬೆಳಿಗ್ಗೆ ಹುಲ್ಲಿಗೆ ನೀರು, ಮಧ್ಯಾಹ್ನ ಹುಲ್ಲಿನ ಕಟಾವು, ಸಂಜೆ ಹುಲ್ಲಿನ ಮೇಲೆ ಯಾರೋ ಬಿಟ್ಟುಹೋದ ಪೇಪರ್ ಕಪ್ಪು. ಉಳಿದ ಹೊತ್ತೆಲ್ಲ, ಹುಲ್ಲಿನ ಮಧ್ಯೆ ಹುಟ್ಟಬಾರದ್ದು ಹುಟ್ಟಿದರೆ ಅದನ್ನು ಕೀಳಿಸುವುದು. ಆ ಹುಟ್ಟಬಾರದ್ದರ ಕಥೆ ಇದು.

ನಾನು ವೈಟ್‌ಫೀಲ್ಡ್ ಕಡೆಯ ಒಂದು ಟೆಕ್ ಪಾರ್ಕಿನಲ್ಲಿ ತೋಟದ ಸೂಪರ್‌ವೈಸರ್ ಆಗಿದ್ದೆ. ಸೇರಿದ್ದು ಸೂಪರ್‌ವೈಸರ್, ಬಿಟ್ಟಿದ್ದು ಸೀನಿಯರ್ ಸೂಪರ್‌ವೈಸರ್. ನಡುವೆ ಬದಲಾದದ್ದು ಟೋಪಿಯ ಬಣ್ಣ. ಹೋದ ವರ್ಷ ಮಂಡಿ ನೋವು ಅಂತ ಸ್ವಲ್ಪ ಮುಂಚೆಯೇ ನಿವೃತ್ತಿ ತಗೊಂಡೆ. "ಹುಲ್ಲು ಕಾದು ಕಾದು ಮಂಡಿ ಕಳಕೊಂಡಳು" ಅಂತ ನಮ್ಮ ಮನೆಯವರು ಹಾಸ್ಯ ಮಾಡುತ್ತಾರೆ. ಅವರು ಪೀಣ್ಯದಲ್ಲಿ ಲೇತ್ ಮುಂದೆ ನಿಂತು ನಿಂತು ಸೊಂಟ ಕಳಕೊಂಡವರು. ಹಾಗಾಗಿ ನಾನು ಎದುರು ಮಾತಾಡುವುದಿಲ್ಲ.

ಸೇರಿದ ಮೊದಲ ವಾರವೇ ಒಂದು ಎಡವಟ್ಟು ಮಾಡಿದೆ. ಕಳೆ ತೆಗೆಯಲು ಆರು ಜನ ಹೆಂಗಸರಿದ್ದರು. ಅವರು ಕಿತ್ತದ್ದನ್ನೆಲ್ಲ ಎರಡು ಗುಡ್ಡೆ ಮಾಡುತ್ತಿದ್ದರು. ಒಂದು ದೊಡ್ಡದು, ಬೇರಿಗೆ ಮಣ್ಣು ಮೆತ್ತಿಕೊಂಡದ್ದು. ಇನ್ನೊಂದು ಚಿಕ್ಕದು, ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿ ಇಟ್ಟದ್ದು. ಹಾಗೇಕೆ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಕಸದ ಗಾಡಿ ಬಂತು, ಎರಡನ್ನೂ ತುಂಬಿಸಿ ಗೊಬ್ಬರದ ಗುಂಡಿಗೆ ಕಳಿಸಿ, ಜಾಗ ಎಷ್ಟು ಚೊಕ್ಕಟವಾಯಿತು ಅಂತ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತೆ.

ಆರೂ ಜನ ನನ್ನನ್ನೇ ನೋಡುತ್ತಿದ್ದರು. ಗುಂಪಿನ ಹಿರಿಯಳು ನಂಜಮ್ಮ ಕುಡುಗೋಲು ಕೆಳಗಿಟ್ಟಳು.

"ಏನ್ ಮೇಡಮ್ಮ, ಇಂಗ್ ಮಾಡ್ಬುಟ್ರಿ? ಆರು ಮನೆ ಸಾರು ತಗೊಂಡೋಗಿ ತಿಪ್ಪೆಗಾಕ್ಬುಟ್ರಲ್ಲ!"

ದೊಡ್ಡದು ತಿಪ್ಪೆ ಗುಡ್ಡೆ, ಚಿಕ್ಕದು ಸಾರಿನ ಗುಡ್ಡೆ. ಗೊತ್ತಾದದ್ದು ಆವತ್ತು. ಅದಾದ ಮೇಲೆ ಎರಡು ದಿನ ಯಾರೂ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನಿಮಗೆ ನನ್ನ ಮೊದಲ ಬುದ್ಧಿಮಾತು ಇದೇ ಮಕ್ಕಳೇ: ಹೆಂಗಸರು ಬಟ್ಟೆ ಹೊದಿಸಿ ಇಟ್ಟದ್ದನ್ನು ಕೇಳದೆ ಮುಟ್ಟಬೇಡಿ.

ನಂಜಮ್ಮನ ವಿಷಯ ಹೇಳಿಬಿಡುತ್ತೇನೆ, ಇಲ್ಲವಾದರೆ ಪಾಪದ ಕೂಲಿಯವಳು ಅಂದುಕೊಳ್ಳುತ್ತೀರಿ. ಆಕೆಗೆ ಹತ್ತಿರದಲ್ಲೇ ನಾಲ್ಕು ಅಂತಸ್ತಿನ ಪಿ.ಜಿ. ಇದೆ. ನಮ್ಮ ಪಾರ್ಕಿನ ಎಂಜಿನಿಯರ್ ಹುಡುಗರೇ ಅದರಲ್ಲಿ ಬಾಡಿಗೆಗೆ ಇದ್ದರು. ಬಿಸಿನೀರು ಬರದಿದ್ದರೆ ಅವರು ಲಾನಿಗೆ ಬಂದು, ಕಳೆ ಕೀಳುತ್ತಾ ಕೂತ ಓನರ್ ಆಂಟಿಯ ಹತ್ತಿರ ದೂರು ಹೇಳುತ್ತಿದ್ದರು. ದಿನಾ ಬೆಳಿಗ್ಗೆ ಆಕೆಯ ಮಗ ದೊಡ್ಡ ಕಾರಿನಲ್ಲಿ ಕರೆತಂದು, ಬಸ್‌ಸ್ಟಾಪಿನ ಮರೆಯಲ್ಲಿ ಇಳಿಸಿ, ಯಾರೂ ನೋಡಲಿಲ್ಲ ತಾನೇ ಅಂತ ಆಚೀಚೆ ನೋಡಿ ಹೋಗುತ್ತಿದ್ದ. "ಅಮ್ಮಾ, ನನ್ನ ಮಾನ ತೆಗೀಬೇಡ" ಅಂತ ಅವನ ಗೋಳು.

"ನಿನಗ್ಯಾಕಮ್ಮ ಈ ಬಿಸಿಲು?" ಅಂತ ಒಂದು ಸಲ ನಾನೂ ಕೇಳಿದೆ.

"ಈ ಎರಡನೇ ಬಿಲ್ಡಿಂಗ್ ನಿಂತದಲ್ಲ, ಅದು ನಮ್ ರಾಗಿ ಹೊಲ. ಹೊಲ ಕೊಟ್ವಿ, ದುಡ್ಡು ಇಸ್ಕೊಂಡ್ವಿ, ಅದರ ಮಾತು ಮುಗೀತು. ಸೊಪ್ಪು ಕೊಡ್ತೀವಿ ಅಂತ ಯಾರಿಗೂ ಸೈನ್ ಹಾಕಿಲ್ಲವಲ್ಲ! ಅಂಗಡೀಲಿ ಬೆರಕೆ ಸೊಪ್ಪು ಸಿಕ್ಕತದಾ? ಒಂದೇ ಜಾತಿ ಕಟ್ಟು, ಒಂದೇ ಜಾತಿ ಕಟ್ಟು. ಅದರಲ್ಲಿ ಮಸ್ಸೊಪ್ಪು ಮಾಡಿದ್ರೆ ಆಸ್ಪತ್ರೆ ಊಟ ಆಯ್ತದೆ."

ಬೆರಕೆ ಸೊಪ್ಪು ಅಂದರೆ ಯಾರೂ ಬಿತ್ತದೆ, ಮಳೆ ಬಿದ್ದ ಮೇಲೆ ತಾನಾಗಿ ಎದ್ದ ಹತ್ತಾರು ಜಾತಿ ಎಳೆ ಸೊಪ್ಪುಗಳನ್ನು ಚಿವುಟಿ ಒಟ್ಟಿಗೆ ಬೇಯಿಸುವುದು. ಅದಕ್ಕೊಂದು ಹದವಿದೆ. ಅಣ್ಣೆ ಸೊಪ್ಪು ಕೈತುಂಬ, ಅದೂ ಹೂವಿನ ತೆನೆ ಬರುವ ಮುಂಚೆ. ಗೋಣಿ ಸೊಪ್ಪು ಒಂದು ಹಿಡಿ. ಅದರಲ್ಲಿ ಹುಳಿಯೂ ಉಂಟು, ಲೋಳೆಯೂ ಉಂಟು, ಜಾಸ್ತಿಯಾದರೆ ಸಾರು ಜಾರುತ್ತದೆ. ಮುಳ್ಳುಕೀರೆಯ ಕುಡಿ ಮಾತ್ರ, ಮುಳ್ಳು ಬಿಟ್ಟು. ಬಾಯಿ ಹುಣ್ಣಿಗೆ ಒಳ್ಳೆಯದು ಅಂತ ಗಣಿಕೆ ಸೊಪ್ಪು ಸ್ವಲ್ಪ. ಅದರ ಹಸಿರು ಕಾಯಿ ಒಂದೂ ಬರಬಾರದು. ಕೊಮ್ಮೆ ಸೊಪ್ಪು ನಾಲ್ಕು ಎಲೆ, ಕಾಲು ಊದಿಕೊಂಡ ಅತ್ತೆ ಮನೆಯಲ್ಲಿದ್ದರೆ ಎಂಟು. ಇಷ್ಟನ್ನೂ ಬೇಳೆ ಜೊತೆ ಬೇಯಿಸಿ, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಮಸೆದರೆ ಮಸ್ಸೊಪ್ಪು. ಬಸಿದ ನೀರನ್ನು ಸಾರು ಮಾಡಿ, ಸೊಪ್ಪನ್ನು ಪಲ್ಯ ಮಾಡಿದರೆ ಬಸ್ಸಾರು.

ಇದರಲ್ಲಿ ಏನೇನಿದೆ ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ಕೀರೆ ಜಾತಿಯಲ್ಲಿ ಕಬ್ಬಿಣ, ಸುಣ್ಣದಂಶ, ಕಣ್ಣಿಗೆ ಬೇಕಾದ ಎ ವಿಟಮಿನ್ನು. ಗೋಣಿ ಸೊಪ್ಪಿನಲ್ಲಿ ಒಮೆಗಾ ಥ್ರೀ ಅನ್ನುವ ಒಳ್ಳೆಯ ಕೊಬ್ಬಿನಂಶ, ಸೊಪ್ಪುಗಳಲ್ಲಿ ಅದು ಅಪರೂಪ. ಊಟದ ಜೊತೆ ನಿಂಬೆಹುಳಿ ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಆದರೆ ಗೋಣಿ ಸೊಪ್ಪಿನಲ್ಲೂ ಕೀರೆಯಲ್ಲೂ ಆಕ್ಸಲೇಟ್ ಇರುವುದರಿಂದ ಕಿಡ್ನಿ ಕಲ್ಲಿನವರು ಬೇಯಿಸಿದ ನೀರು ಚೆಲ್ಲಿ, ಮಿತವಾಗಿ ತಿನ್ನಬೇಕು. ಇದನ್ನು ನಂಜಮ್ಮನಿಗೆ ಹೇಳಿದೆ. "ನೀರು ಚೆಲ್ಲಿದ್ರೆ ಬಸ್ಸಾರು ಎಲ್ಲಿಂದ ಬಂತು? ಕಲ್ಲಿರೋರು ನಿಮ್ಮಂಗೆ ಚಪಾತಿ ತಿನ್ಲಿ ಬುಡಿ" ಅಂದಳು. ಆಕೆಯ ಯಜಮಾನರಿಗೆ ಕಲ್ಲಿತ್ತು ಅಂತ ಆಮೇಲೆ ಗೊತ್ತಾಯಿತು. ಅವರು ಪಾಪ ಚಪಾತಿಯೇ ತಿನ್ನುತ್ತಿದ್ದರಂತೆ.

ಇಷ್ಟೆಲ್ಲ ಸೊಪ್ಪು ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ. ಪಾರ್ಕಿನ ಹಿಂದುಗಡೆ, ಮುಂದೆಂದೋ ಕಟ್ಟಡ ಬರುತ್ತದೆ ಅಂತ ಖಾಲಿ ಬಿಟ್ಟ ನೆಲ. ಎಲ್ಲರೂ ಹಿತ್ತಲು ಅನ್ನುತ್ತಿದ್ದೆವು. ಅಲ್ಲಿಗೆ ಮಳೆ ನೀರು ಬಿಟ್ಟರೆ ಬೇರೆ ನೀರಿಲ್ಲ. ಮುಂದಿನ ಲಾನಿಗೆಲ್ಲ ಎಸ್‌ಟಿಪಿ ನೀರು, ಅಂದರೆ ಪಾರ್ಕಿನ ಕಕ್ಕಸು ಬಚ್ಚಲಿನ ನೀರನ್ನೇ ಶುದ್ಧ ಮಾಡಿ ಸ್ಪ್ರಿಂಕ್ಲರಿನಲ್ಲಿ ಚಿಮ್ಮಿಸುವುದು. ಹುಲ್ಲಿಗೆ ಅದು ಅಮೃತ. ನಮ್ಮ ಹೆಂಗಸರು ಅದು ಬೀಳುವ ಕಡೆ ಒಂದು ಎಲೆಯನ್ನೂ ಬಾಯಿಗಿಡುತ್ತಿರಲಿಲ್ಲ. ಅಲ್ಲಿ ಕಿತ್ತದ್ದು ಎಷ್ಟು ಎಳೆಯದಾದರೂ ಸೀದಾ ತಿಪ್ಪೆ ಗುಡ್ಡೆಗೆ.

ನಿಂಗವ್ವ ಬಂದದ್ದು ಆಮೇಲೆ. ಗದಗ ಕಡೆಯವಳು, ಗಂಡ ಮಹದೇವಪುರದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಇಬ್ಬರೂ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಮೊದಲ ದಿನವೇ ಹಿತ್ತಲಲ್ಲಿ ಗೋಣಿ ಸೊಪ್ಪು ನೋಡಿ, ತವರಿನವರು ಸಿಕ್ಕ ಹಾಗೆ, "ಅಯ್ಯ, ನಮ್ಮ ಗೋಳಿ ಪಲ್ಲೆ!" ಅಂತ ಕೂತುಬಿಟ್ಟಳು. ಮರುದಿನ ರೊಟ್ಟಿ ಜೊತೆ ಅದರ ಪಲ್ಯ ತಂದಳು. ನಂಜಮ್ಮ ರುಚಿ ನೋಡಿ, "ಇದೇನು, ಸೊಪ್ಪು ಇನ್ನೂ ಹಲ್ಲಿಗೆ ಸಿಕ್ಕತದೆ!" ಅಂದಳು. ನಿಂಗವ್ವ ಮಸ್ಸೊಪ್ಪು ಚಪ್ಪರಿಸಿ, "ಯಕ್ಕಾ, ನೀ ಇದನ್ನ ಕುದಿಸೀಯೋ, ಜೀವಾ ತಗದೀಯೋ?" ಅಂದಳು. ಅವತ್ತಿನಿಂದ ಅವರಿಬ್ಬರೂ ಪಕ್ಕ ಪಕ್ಕ ಕೂತೇ ಕಳೆ ತೆಗೆಯುತ್ತಿದ್ದರು. ದೂರ ಕೂತರೆ ಜಗಳಕ್ಕೆ ಕೂಗಬೇಕಾಗುತ್ತಿತ್ತು.

ಒಂದು ಸಲ ಊರಿಗೆ ಹೋದ ನಿಂಗವ್ವ ಹಕ್ಕರಕಿ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಹಿತ್ತಲಲ್ಲಿ ಚೆಲ್ಲಿದಳು. ಹಕ್ಕರಕಿ ಅಂದರೆ ಅವರ ಕಡೆ ಹಸಿಹಸಿಯಾಗಿ ರೊಟ್ಟಿ ಜೊತೆ ತಿನ್ನುವ ಎಲೆ. ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ಒಂದು ದಿನ ತಿನ್ನಿಸಿ ಬಾಯಿ ಮುಚ್ಚಿಸಬೇಕು ಅಂತ ಆಸೆ. ಎಲೆ ಬಂದವು. ಬಂದ ವಾರವೇ ನಂಜಮ್ಮ ಅಷ್ಟನ್ನೂ ಬೇರು ಸಮೇತ ಕಿತ್ತು, ನೀಟಾಗಿ ತಿಪ್ಪೆ ಗುಡ್ಡೆಗೆ ಹಾಕಿದ್ದಳು.

"ನನ್ನ ಹಕ್ಕರಕಿ ಎಲ್ಲೈತಿ?"

"ಯಾವ್ದು, ಆ ನೆಲಕ್ಕೆ ಅಂಟ್ಕೊಂಡಿತ್ತಲ್ಲ, ಅದಾ? ಕಳೆ ಅದು."

"ಕಳಿ? ನೀ ತಿಂದರ ಸೊಪ್ಪು, ನಾ ತಿಂದರ ಕಳಿ?"

ಕೊನೆಗೆ ನಂಜಮ್ಮನೇ ಗೊಬ್ಬರದ ಗುಂಡಿಗೆ ಇಳಿದು, ಬಾಡಿದ ಗಿಡಗಳನ್ನು ಹುಡುಕಿ ತಂದು ಮತ್ತೆ ನೆಟ್ಟಳು. ಪಿ.ಜಿ. ಓನರ್ ಗುಂಡಿಯಲ್ಲಿ ಸೊಂಟದ ತನಕ ನಿಂತದ್ದನ್ನು ಬಾಡಿಗೆ ಹುಡುಗರು ಆಫೀಸಿನ ಮೂರನೇ ಮಹಡಿಯಿಂದ ವಿಡಿಯೋ ಮಾಡಿಕೊಂಡರು. ಕೆಲವು ಗಿಡ ಬದುಕಿಕೊಂಡವು.

ಮೇಲಧಿಕಾರಿಗಳು ಬಂದರು, ಹೋದರು. ಒಬ್ಬರು ಬಿಳಿ ಕಲ್ಲು ಹಾಸಿಸಿದರು, ಮುಂದಿನವರು ಅದನ್ನು ತೆಗೆಸಿದರು. ನಾನು ಹೇಳಬೇಕಾದದ್ದು ಪ್ರಶಾಂತ್ ಸಾರ್ ವಿಷಯ. ಇಡೀ ಪಾರ್ಕಿನ ನಿರ್ವಹಣೆಗೆ ಹೊಸದಾಗಿ ಬಂದ ಫೆಸಿಲಿಟಿ ಹೆಡ್. ಬೆಂಗಳೂರಿನ ಹುಡುಗ, ಕೆಟ್ಟವನಲ್ಲ, ನಗುನಗುತ್ತಾ ಮಾತಾಡುವವನು. ಒಂದೇ ಕಾಯಿಲೆ, ಎಲ್ಲವೂ ಫೋಟೋದ ಹಾಗಿರಬೇಕು.

ಬಂದ ತಿಂಗಳೇ ನನ್ನನ್ನು ಕರೆಸಿದರು. "ಮೇಡಂ, ನಮ್ಮ ಕ್ಯಾಂಪಸ್ ಝೀರೋ ವೀಡ್ ಆಗ್ಬೇಕು. ತಿಂಗಳ ಕೊನೆಗೆ ಹೆಡ್ ಆಫೀಸಿಂದ ವಿಸಿಟ್ ಇದೆ. ಅದು ಮುಗೀತಿದ್ದಂಗೆ ಸ್ಪ್ರೇ ಟೀಮ್ ಬರುತ್ತೆ. ಹಿಂದುಗಡೆ ಪ್ಲಾಟಿಗೆ ಪೂರ್ತಿ ಕಳೆನಾಶಕ ಹೊಡೆಸಿಬಿಡೋಣ. ಆಮೇಲೆ ವೀಡಿಂಗಿಗೆ ಇಬ್ಬರು ಸಾಕು."

"ಏಳು ಜನ ಇದ್ದಾರೆ ಸಾರ್."

"ಗೊತ್ತು ಮೇಡಂ. ನಂಗೂ ಬೇಜಾರೇ. ಆದ್ರೆ ಕಳೆನೇ ಇಲ್ಲ ಅಂದ್ರೆ ಕಳೆ ಕೀಳೋರು ಯಾಕೆ, ನೀವೇ ಹೇಳಿ?"

ಐದು ಜನರ ಕೆಲಸ ಹೋಗುತ್ತದೆ, ಹಿತ್ತಲು ಸುಟ್ಟುಹೋಗುತ್ತದೆ. ನಂಜಮ್ಮನಿಗೆ ಪಿ.ಜಿ. ಇದೆ, ನಿಂಗವ್ವನಿಗೆ ಏನಿದೆ? ಕಟ್ಟಡದ ಕೆಲಸ ನಿಂತ ತಿಂಗಳಲ್ಲಿ ಆ ಮನೆ ನಡೆಯುತ್ತಿದ್ದದ್ದೇ ಇವಳ ಸಂಬಳದಿಂದ, ಹಿತ್ತಲ ಸೊಪ್ಪಿನಿಂದ. ಕ್ಯಾಬಿನ್ನಿನಿಂದ ಹೊರಗೆ ಬಂದವಳು ಹೆಂಗಸರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಯಾರೂ ಅಳಲಿಲ್ಲ. ನಂಜಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಆ ಸಾರ್ ಊಟಕ್ಕೆ ಏನ್ ತಿಂತಾನೆ?" ಅಂದಳು.

"ಡಬ್ಬಿಲಿ ಹಸಿ ಎಲೆ ತಿಂತಾರೆ. ಸಲಾಡ್ ಅಂತೆ."

"ಹಸೀದಾ? ಅಂಗಾರೆ ಅರ್ಧ ದಾರೀಲಿ ಅವ್ನೆ ಬುಡು."

ಮರುದಿನ ಆಕೆ ಮೂರು ಡಬ್ಬಿಯ ಕ್ಯಾರಿಯರ್ ಹಿಡಿದು ಸೀದಾ ಸಾರ್ ಕ್ಯಾಬಿನ್ನಿಗೆ ನುಗ್ಗಿದಳು, ಹಿಂದೆ ನಾನು. ಬಿಸಿ ಮುದ್ದೆ, ಬೆರಕೆ ಮಸ್ಸೊಪ್ಪು, ಮೇಲೆ ತುಪ್ಪ. ಪ್ರಶಾಂತ್ ಸಾರ್ ಸಂಕೋಚಕ್ಕೆ ಒಪ್ಪಿದರು. ಮೊದಲ ತುತ್ತು ಮುದ್ದೆಯನ್ನು ಅಗಿಯುತ್ತಾ ಕೂತರು. "ಅಗೀಬಾರ್ದು ಕಣಪ್ಪ, ನುಂಗು! ಅಗುದ್ರೆ ಸಾಯಂಕಾಲದಗಂಟ ಇಲ್ಲೇ ಕೂತಿರ್ತೀಯ" ಅಂತ ನಂಜಮ್ಮ ತೋರಿಸಿಕೊಟ್ಟಳು. ಮೂರನೆಯ ತುತ್ತಿಗೆ ಟೈ ಹಿಂದಕ್ಕೆ ಹಾಕಿಕೊಂಡರು. ಡಬ್ಬಿ ಖಾಲಿಯಾಯಿತು.

"ಆಂಟಿ, ಸಕ್ಕತ್! ಯಾವ ಸೊಪ್ಪು ಇದು?"

"ನೀನು ಔಸ್ತಿ ಹೊಡೆಸ್ತೀನಿ ಅಂದ್ಯಲ್ಲ, ಅದೇ."

ಗೆದ್ದೆವು ಅಂದುಕೊಂಡೆ. ಮಕ್ಕಳೇ, ಮೇಲಿನವರಿಗೆ ಒಂದು ವಿಷಯ ಇಷ್ಟವಾಗದಿದ್ದರೆ ಒಂದು ಕಷ್ಟ, ಇಷ್ಟವಾದರೆ ಹತ್ತು ಕಷ್ಟ. ಅವರು ರಾತ್ರೋರಾತ್ರಿ ಇಂಟರ್ನೆಟ್ ಓದಿಕೊಂಡು ಬಂದರು. "ಮೇಡಂ, ಇದು ಸೂಪರ್‌ಫುಡ್! ಮುಂದಿನ ಲಾನ್ ಮಧ್ಯೆ ಇದಕ್ಕೆ ಬೆಡ್ ಮಾಡ್ಸಿ. ಸಾಲಾಗಿ ಬರ್ಬೇಕು. ವಿಸಿಟಿಗೆ ಬರೋರಿಗೆ ಇದರದ್ದೇ ಸಲಾಡ್."

"ಹಿತ್ತಲು ಸಾರ್?"

"ಅದು ಹೊಡೆಸಲೇಬೇಕು. ನೀಟಾಗಿಲ್ಲ."

ಹಾಗಾಗಿ ನನ್ನ ಇಡೀ ಸರ್ವೀಸಿನಲ್ಲಿ ಮಾಡದ ಕೆಲಸ ಮಾಡಿದೆ. ಕಳೆಯನ್ನು ನೆಡಿಸಿದೆ. ಹಗ್ಗ ಕಟ್ಟಿ ಸಾಲು, ಗೊಬ್ಬರ, ಸ್ಪ್ರಿಂಕ್ಲರ್. ಯಾರೂ ಕರೆಯದೆ ಬರುವ ಸೊಪ್ಪು ಕರೆದಾಗ ಬಿಂಕ ಮಾಡಿತು. ಅಣ್ಣೆ ಸೊಪ್ಪು ಗೊಬ್ಬರ ಕುಡಿದು ಸಪೂರವಾಗಿ ಉದ್ದ ಬೆಳೆದು ಮಗುಚಿಕೊಂಡಿತು. ಗೋಣಿ ಸೊಪ್ಪು ನೀರು ಜಾಸ್ತಿಯಾಗಿ ಕೊಳೆಯಿತು. ಆ ಬೆಡ್ಡಿನಲ್ಲಿ ಚೆನ್ನಾಗಿ ಬಂದದ್ದು ಒಂದೇ, ಲಾನ್ ಹುಲ್ಲು. ಏಳೂ ಜನ ಕೂತು ಕಳೆಯ ಮಧ್ಯದಿಂದ ಹುಲ್ಲು ಕಿತ್ತರು. ನಿಂಗವ್ವ ನಕ್ಕು ನಕ್ಕು ಬಿಕ್ಕಳಿಕೆ ತರಿಸಿಕೊಂಡಳು. "ನಮ್ಮವ್ವಗ ಫೋನ್ ಹಚ್ಚಿ ಹೇಳಿದ್ರ ನಂಬೂದಿಲ್ರಿ ಮೇಡಮ್ಮಾರ. ಬೆಂಗಳೂರಾಗ ಹುಲ್ಲು ಕಿತ್ತು ಕಳಿ ಬೆಳಿಸ್ತಾರ ಅಂದ್ರ, ನೀ ಏನ್ ಕುಡದೀಯವ್ವ ಅಂತಾಳ."

ವಿಸಿಟಿನ ದಿನ ಬೆಳಿಗ್ಗೆ ಕ್ಯಾಂಟೀನಿನ ಬಾಣಸಿಗ ಬೆಡ್ಡಿನಲ್ಲಿ ಅಳಿದುಳಿದ ಸೊಪ್ಪನ್ನೆಲ್ಲ ಒಂದು ದೊಡ್ಡ ಟ್ರೇಗೆ ಕುಯ್ಯಿಸಿಕೊಂಡು ಹೊರಟಿದ್ದ, ಹಸಿ ಸಲಾಡಿಗೆ. ನಂಜಮ್ಮ ದಾರಿಗೆ ಅಡ್ಡ ನಿಂತಳು.

"ಇದನ್ನ ಯಾರಿಗಪ್ಪ ತಿನ್ಸ್ತೀಯ?"

"ದೊಡ್ಡ ಸಾಹೇಬ್ರಿಗೆ. ಬಿಡಿ ಆಂಟಿ, ಲೇಟಾಯ್ತು."

"ಎಸ್‌ಟಿಪಿ ನೀರಲ್ಲಿ ಬೆಳೆದದ್ದು. ಪಾರ್ಕಿನೋರು ಇಲ್ಲೀಗಂಟ ಕಕ್ಕಸಿಗೆ ಕಳಿಸಿದ್ನೆಲ್ಲ ಸಾಹೇಬ್ರ ತಟ್ಟೆಗೆ ಹಾಕ್ತೀಯಾ?"

ಬಾಣಸಿಗ ಟ್ರೇ ಕೆಳಗಿಟ್ಟು ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಓಡಿಬಂದ ಪ್ರಶಾಂತ್ ಸಾರ್ ಮುಖ ಗೋಣಿ ಸೊಪ್ಪಿನ ಕಾಂಡದ ಹಾಗೆ ಕೆಂಪಾಯಿತು. ಆ ನೀರು ಹುಲ್ಲಿಗಷ್ಟೇ ಅಂತ ದಿನಾ ಅವರೇ ಸಹಿ ಹಾಕುತ್ತಿದ್ದವರು, ಸೊಪ್ಪಿನ ಸಂಭ್ರಮದಲ್ಲಿ ಮರೆತಿದ್ದರು. ನಾನೂ ಆ ಬೆಡ್ಡು ಬರೀ ನೋಡುವುದಕ್ಕೆ, ಸಲಾಡ್ ಹೇಗೂ ಹಿತ್ತಲಿನದ್ದು ಅಂದುಕೊಂಡಿದ್ದೆ. ಮೆನು ಆಗಲೇ ಅಚ್ಚಾಗಿತ್ತು.

"ಮೇಡಂ, ಈಗೇನ್ ಮಾಡೋದು?"

"ಹಿತ್ತಲಿಗೆ ನಡೀರಿ ಸಾರ್."

ಏಳು ಜನ ಹೆಂಗಸರು, ನಾನು, ಬಾಣಸಿಗ, ಹೊಳೆಯುವ ಬೂಟಿನ ಪ್ರಶಾಂತ್ ಸಾರ್, ಎಲ್ಲರೂ ಹಿತ್ತಲಿಗೆ ಓಡಿದೆವು. ಸಾರ್ ಮೊದಲು ಕಿತ್ತು ತಂದದ್ದು ನೆಲಕ್ಕೆ ಹರಡಿದ, ಕೆಂಪು ದಂಟಿನ, ಗೋಣಿ ಸೊಪ್ಪಿನ ಹಾಗೇ ಕಾಣುವ ಗಿಡ. ನಾನು ಮುರಿದು ತೋರಿಸಿದೆ. ಬಿಳಿ ಹಾಲು ಬಂತು. "ಗೋಣಿ ಸೊಪ್ಪಿಗೆ ಎಲೆ ದಪ್ಪ, ಮುರಿದರೆ ಬರೀ ನೀರು. ಇದು ವಿಷ ಸಾರ್, ಬಿಸಾಕಿ."

"ಓಕೆ. ರೂಲ್ ಒನ್, ಹಾಲು ಬಂದ್ರೆ ತಿನ್ನಬಾರದು."

"ಹಂಗೇನಿಲ್ರಿ ಸರ," ಅಂದಳು ನಿಂಗವ್ವ, ತನ್ನ ಹಕ್ಕರಕಿ ಎಲೆ ಕಿತ್ತು ಹಿಡಿದು. "ನೋಡ್ರಿ, ಇದಕ್ಕೂ ಹಾಲ ಬರ್ತೈತಿ. ನಾವು ಹಸೀದ ತಿಂತೀವ್ರಿ."

"ಮತ್ತೆ ರೂಲ್ ಏನು?"

"ರೂಲ್ ಇಲ್ಲ ಕಣಪ್ಪ," ಅಂದಳು ನಂಜಮ್ಮ. "ಒಂದೊಂದರ ಮುಖಾನೂ ಗುರುತಿಟ್ಕೋಬೇಕು. ಗೊತ್ತಿಲ್ದಿದ್ದನ್ನ ಮುಟ್ಬೇಡ. ಬೇರು ಕೀಳ್ಬೇಡ, ತುದಿ ಚಿವುಟು. ನಾಳಿದ್ದಿಗೆ ಎರಡು ಕುಡಿ ಬತ್ತದೆ."

ಹೆಡ್ ಆಫೀಸಿನವರಿಗೆ ಆವತ್ತು ಮಾರತ್ತಹಳ್ಳಿಯಲ್ಲಿ ಟ್ರಾಫಿಕ್ಕೇ ಸಿಗಲಿಲ್ಲವಂತೆ. ಯಾವತ್ತೂ ಆಗದ್ದು ಆಗಿ, ಮುಂಚೆಯೇ ಬಂದುಬಿಟ್ಟರು. ಯಾರೋ ಅವರನ್ನು ಹಿತ್ತಲಿಗೇ ಕರೆತಂದರು. ಪ್ರಶಾಂತ್ ಸಾರ್ ಕುಕ್ಕರಗಾಲಲ್ಲಿ ಕೂತು, ಐಡಿ ಕಾರ್ಡನ್ನು ಬೆನ್ನ ಮೇಲೆ ಹಾಕಿಕೊಂಡು, ನಂಜಮ್ಮನ ಮಡಿಲಿಗೆ ಅಣ್ಣೆ ಸೊಪ್ಪು ಹಾಕುತ್ತಿದ್ದರು. ಏಳುವುದಕ್ಕೆ ಕಾಲು ಬರಲಿಲ್ಲ, ಜೋಮು ಹಿಡಿದಿತ್ತು. ಕೂತಲ್ಲಿಂದಲೇ, "ವೆಲ್ಕಮ್ ಸಾರ್" ಅಂದರು.

ಬಂದವರಿಗೆ ಬಹಳ ಖುಷಿಯಾಯಿತು. ಚೆನ್ನಾಗಿ ತೊಳೆದು ಬೇಯಿಸಿದ ಸೊಪ್ಪಿನ ಊಟ ಮಾಡಿದರು, ನಿಂಗವ್ವನ ಹಕ್ಕರಕಿ ರೊಟ್ಟಿಯನ್ನು ಎರಡು ಸಲ ಹಾಕಿಸಿಕೊಂಡರು. ಈ ಜಾಗ ಉಳಿಸಬೇಕು, ಕಳೆನಾಶಕ ಬೇಡವೇ ಬೇಡ ಅಂದರು. ನಿಂಗವ್ವ ನನ್ನ ಕೈ ಹಿಡಿದುಕೊಂಡಳು.

ಮುಂದಿನ ವಾರ ಹಿತ್ತಲಿಗೆ ತಂತಿ ಬೇಲಿ ಬಂತು. ಬಾಗಿಲಿನ ಹತ್ತಿರ ಹಸಿರು ಬಣ್ಣದ ದೊಡ್ಡ ಬೋರ್ಡು: "ಸ್ಥಳೀಯ ಸಸ್ಯ ಸಂರಕ್ಷಣಾ ವಲಯ. ದಯವಿಟ್ಟು ಗಿಡಗಳನ್ನು ಮುಟ್ಟಬೇಡಿ."

ನಂಜಮ್ಮನಿಗೆ ಓದಿ ಹೇಳಿದೆ. "ಮುಟ್ಟದೆ ಕಣ್ಣಲ್ಲಿ ಚಿವುಟದಾ?" ಅಂದಳು.

ಪ್ರಶಾಂತ್ ಸಾರ್ ನಿಜವಾಗಿಯೂ ಬೇಜಾರಿನಲ್ಲಿದ್ದರು. "ಮೇಲಿಂದ ಆರ್ಡರ್ ಮೇಡಂ. ಪ್ರೊಟೆಕ್ಟೆಡ್ ಅಂದ್ಮೇಲೆ ಅಲ್ಲಿ ವೀಡಿಂಗ್ ಮಾಡೋ ಹಾಗಿಲ್ಲ. ವೀಡಿಂಗ್ ಇಲ್ಲ ಅಂದ್ರೆ ಐದು ಜನಕ್ಕೆ ಕೆಲಸ ಇಲ್ಲ. ಮಳೆಗಾಲ ಮುಗಿಯೋವರೆಗೂ ಹೇಗೋ ಎಳೀತೀನಿ." ಜಾಗ ಉಳಿಯಿತು, ಕೆಲಸ ಉಳಿಯಲಿಲ್ಲ. ನಿಂಗವ್ವ ಜಿಗಣಿಯ ಗಾರ್ಮೆಂಟ್ಸಿನಲ್ಲಿ ಕೆಲಸ ಕೇಳಿಕೊಂಡು ಬಂದಳು. ಎರಡು ಬಸ್ಸು ಬದಲಾಯಿಸಿ ಹೋಗಿ ಬರುವಷ್ಟರಲ್ಲಿ ಸಂಬಳದ ಸಂತೋಷ ಬಸ್ಸಿನಲ್ಲೇ ಇಳಿದುಹೋಗುತ್ತದೆ ಅಂತ ಅವಳೇ ನಗುತ್ತಾ ಹೇಳಿದಳು. ನಗು ಅಷ್ಟು ಚೆನ್ನಾಗಿರಲಿಲ್ಲ.

ನಾನು ಅರ್ಜಿ ಬರೆಯೋಣ ಅಂತ ಕೂತೆ. ನಂಜಮ್ಮ ಬೇಡ ಅಂದಳು. "ಮುಟ್ಬೇಡಿ ಅಂದವ್ರೆ, ಮುಟ್ಬೇಡಿ. ಮಳೆ ಐತೆ, ನೋಡ್ಕತದೆ."

ಯಾರೂ ಮುಟ್ಟಲಿಲ್ಲ. ಮಳೆ ಹಿಡಿಯಿತು. ದಿನಾ ಚಿವುಟಿಸಿಕೊಂಡು ಮಂಡಿ ಕೆಳಗೇ ಇರುತ್ತಿದ್ದ ಸೊಪ್ಪು ತಲೆಯೆತ್ತಿತು. ಅಣ್ಣೆ ಸೊಪ್ಪು ತೆನೆ ಬಿಟ್ಟು ಕಡ್ಡಿಯಾಯಿತು. ಮುಳ್ಳುಕೀರೆ ಸೊಂಟದೆತ್ತರ ಬಂದು ಬೇಲಿಯಿಂದ ಹೊರಗೆ ಕೈ ಚಾಚಿ ಹೋಗಿಬರುವವರ ಪ್ಯಾಂಟು ಹಿಡಿಯತೊಡಗಿತು. ಅದರೊಳಗೆ ಇಲಿ ಸೇರಿದವು. ಇಲಿ ಹಿಂದೆಯೇ ಒಂದು ಕೇರೆ ಹಾವು ಬಂತು. ವಿಷವಿಲ್ಲದ ಸಾಧು ಪ್ರಾಣಿ. ಆದರೆ ಸಿಗರೇಟು ಸೇದುವ ಮೂಲೆಯಲ್ಲಿ ಅದು ಬಿಸಿಲು ಕಾಯಿಸಿಕೊಳ್ಳುತ್ತಾ ಮಲಗಿದ್ದನ್ನು ನೋಡಿ ಎಂಜಿನಿಯರುಗಳು ಒಂದೇ ದಿನದಲ್ಲಿ ಸಿಗರೇಟು ಬಿಟ್ಟರು.

ಪ್ರಶಾಂತ್ ಸಾರ್ ನಮ್ಮ ಹೆಂಗಸರು ಊಟಕ್ಕೆ ಕೂತಲ್ಲಿಗೇ ಬಂದು ನೆಲದ ಮೇಲೆ ಕೂತರು. "ಆಂಟಿ, ಮುಂಚೆ ಹೀಗಿರ್ಲಿಲ್ಲ. ನೀವೇನ್ ಮಾಡ್ತಿದ್ರಿ ಅಲ್ಲಿ?"

"ಸಾರು ಮಾಡ್ತಿದ್ವಿ."

"ನೀಟಾಗಿ ಹೇಳಿ."

"ಚಿವುಟ್ತಿದ್ವಿ ಕಣಪ್ಪ. ಚಿವುಟಿದ್ರೆ ಸೊಪ್ಪು, ಚಿವುಟದಿದ್ರೆ ಪೊದೆ. ನಾವು ತಿಂತಿದ್ವಿ, ಅದು ಚೊಕ್ಕಟ ಇರ್ತಿತ್ತು."

"ಸರಿ. ಹಾಗಾದ್ರೆ ಸೊಪ್ಪು ಕುಯ್ಯೋದೇ ನಿಮ್ಮ ಡ್ಯೂಟಿ ಅಂತ ಬರೆಸ್ತೀನಿ. ಏಳು ಜನಾನೂ ಇರಿ."

ನಿಂಗವ್ವನ ಮುಖ ಅರಳಿತು. ನಂಜಮ್ಮ ಮಾತ್ರ ತಲೆ ಅಲ್ಲಾಡಿಸಿದಳು. "ಅದು ಆಗಾಕಿಲ್ಲ. ಕುಯ್ಯಕ್ಕೆ ಸಂಬಳ ಕೊಟ್ರೆ, ಕುಯ್ದಿದ್ದು ಕಂಪನೀದು ಆಯ್ತದೆ. ಆಮೇಲೆ ತೂಕ ಅಂತೀಯ, ಕ್ಯಾಂಟೀನ್ ಅಂತೀಯ, ಪ್ಯಾಕೆಟ್ ಮಾಡಿ ಅಂತೀಯ. ನಿನ್ನ ನಾನು ಕಂಡಿದೀನಿ."

"ಮತ್ತೆ ಏನಂತ ಬರೀಲಿ?"

"ಮುಂಚೆ ಏನಂತ ಬರೀತಿದ್ರಿ?"

"ಕಳೆ ಅಂತ."

"ಅಂಗೇ ಇರ್ಲಿ. ಕಳೆ ಅಂದ್ರೆ ಯಾರೂ ಲೆಕ್ಕ ಕೇಳಲ್ಲ."

ಪ್ರಶಾಂತ್ ಸಾರ್ ನನ್ನ ಮುಖ ನೋಡಿದರು. ನಾನು ಹೂಂ ಅಂದೆ. ಹಾವಿನ ಭಯಕ್ಕೆ ಹೆಡ್ ಆಫೀಸಿನವರೂ ಒಪ್ಪಿದರು. ಬೇಲಿ ಹೋಯಿತು, ಬೋರ್ಡು ಹೋಯಿತು. ಏಳೂ ಜನ ಸಾಲಾಗಿ ಹಿತ್ತಲಿಗೆ ಇಳಿದರು. ಬಲಿತದ್ದನ್ನು ಸವರಿ, ಹೊಸ ಮಳೆಗೆ ಎಳೆ ಕುಡಿ ಬಂದ ಮೊದಲ ದಿನ ಎಲ್ಲರೂ ಒಂದೊಂದು ಹೊರೆ ಕಟ್ಟಿಕೊಂಡರು. ನಿಂಗವ್ವ ಜಿಗಣಿಗೆ ಹೋಗಲಿಲ್ಲ.

ಆ ಸಂಜೆ ನಾನು ಪ್ರಶಾಂತ್ ಸಾರ್ ಜೊತೆ ಗೇಟಿನ ತನಕ ನಡೆದು ಬಂದೆ. ಅವರ ಕೈಯಲ್ಲಿ ಲ್ಯಾಪ್‌ಟಾಪ್ ಚೀಲ, ಅದರ ಬಾಯಿಯಿಂದ ಅಣ್ಣೆ ಸೊಪ್ಪಿನ ತುದಿ ಹೊರಗೆ ಇಣುಕುತ್ತಿತ್ತು. ಪಾರ್ಕಿನಿಂದ ಒಂದು ಕಡ್ಡಿ ಹೊರಗೆ ಹೋಗಬೇಕಾದರೂ ಗೇಟ್ ಪಾಸ್ ಬೇಕು ಅಂತ ಆ ತಿಂಗಳು ಅವರೇ ಹೊರಡಿಸಿದ್ದ ಆರ್ಡರ್ ಇತ್ತು. ಸೆಕ್ಯುರಿಟಿ ಚೌಡಪ್ಪ ಸೆಲ್ಯೂಟ್ ಹೊಡೆದು, ಚೀಲ ನೋಡಿ, "ಸಾರ್, ಇದಕ್ಕೆ ಪಾಸು?" ಅಂದ.

ಸಾರ್ ಮುಖ ಸ್ವಲ್ಪವೂ ಬದಲಾಗಲಿಲ್ಲ.

"ಕಳೆ ಕಣಯ್ಯ. ತಿಪ್ಪೆಗೆ ಹಾಕ್ಬೇಕು."

"ಎಲ್ಲಾರ್ದೂ ಇವತ್ತು ಇದೇ ತಿಪ್ಪೆ ಸಾರ್," ಅಂತ ಚೌಡಪ್ಪ ಗೇಟ್ ತೆಗೆದ. "ಬೆಳ್ಳುಳ್ಳಿ ಜಾಸ್ತಿ ಹಾಕಿ."